ಜನನಕಾಲದ ಗಾಯ ಮತ್ತು ನ್ಯಾಯವಾದಿಯ ವೃತ್ತಿ: ಬೆಂಗಳೂರು ದಂಡಿನ ಪ್ರದೇಶದ ಹಿನ್ನೆಲೆಯಲ್ಲಿ ಒಂದು ವಿವೇಚನೆ

ಹೆರಿಗೆಯೆಂದರೆ ಹೆಣ್ಣಿಗೆ ಮರುಹುಟ್ಟು ಎಂಬ ಮಾತು ನಮ್ಮ ನಾಡಿನಲ್ಲಿ ಬಹುಕಾಲದಿಂದ ರೂಢಿಯಲ್ಲಿದೆ. ತಾಯಿಗೆ ಒದಗುವ ಅಪಾಯವನ್ನು ಈ ಮಾತು ಬಲ್ಲುದು. ಅದೇ ಗಳಿಗೆಯಲ್ಲಿ ಮಗುವಿಗೆ ಒದಗಬಹುದಾದ ಅಪಾಯವನ್ನು ಅದು ಹೇಳುವುದಿಲ್ಲ. ಪ್ರಸವ ತಡವಾಗಿ ಉಸಿರು ಕಟ್ಟಿದ ಶಿಶು, ಭುಜ ಸಿಕ್ಕಿಕೊಂಡಾಗ ಬಲವಾಗಿ ಎಳೆದುದರಿಂದ ತೋಳಿನ ನರ ಹರಿದ ಶಿಶು, ದಿನ ತುಂಬುವ ಮೊದಲೇ ಹುಟ್ಟಿ ಸಕಾಲದಲ್ಲಿ ಕಣ್ಣಿನ ಪರೀಕ್ಷೆ ನಡೆಯದೆ ದೃಷ್ಟಿಯನ್ನು ಕಳೆದುಕೊಂಡ ಶಿಶು, ಇಂಥ ಮಕ್ಕಳು ಬದುಕಿ ಉಳಿದಾಗ ಅವರ ಮುಂದೆ ನಲವತ್ತು ಐವತ್ತು ವರ್ಷಗಳ ಪರಾಧೀನ ಜೀವನವಿರುತ್ತದೆ. ಈ ಗಾಯಗಳಲ್ಲಿ ಕೆಲವು ಯಾರ ತಪ್ಪಿನಿಂದಲೂ ಆದವಲ್ಲ; ಕೆಲವು ಮಾತ್ರ ವೈದ್ಯರ ಅಥವಾ ದಾದಿಯರ ಅಲಕ್ಷ್ಯದಿಂದ ಆದವು. ಈ ಎರಡನೆಯ ವರ್ಗದ ಮಕ್ಕಳ ಪರವಾಗಿ ನ್ಯಾಯಾಲಯದಲ್ಲಿ ನಿಲ್ಲುವವರು ಯಾರು ಎಂಬುದು ಪ್ರಸ್ತುತ ಲೇಖನದ ವಿಷಯ.

ಅಮೆರಿಕ, ಇಂಗ್ಲೆಂಡ್ ಮುಂತಾದ ದೇಶಗಳಲ್ಲಿ ಒಬ್ಬ ವಕೀಲನು ತನ್ನ ವೃತ್ತಿಜೀವನವನ್ನೆಲ್ಲ ಇಂಥ ಮಕ್ಕಳ ದಾವೆಗಳಿಗೇ ಮೀಸಲಾಗಿಡಬಲ್ಲನು. ನಮ್ಮಲ್ಲಿ ಹಾಗಿಡುವುದು ಅತಿ ಕಷ್ಟ. ಇದಕ್ಕೆ ನಮ್ಮ ವಕೀಲರ ದಯಾಹೀನತೆಯಾಗಲಿ ಅಸಾಮರ್ಥ್ಯವಾಗಲಿ ಕಾರಣವೆಂದು ಹೇಳುವುದು ನ್ಯಾಯವಲ್ಲ. ಅಂಥ ವೃತ್ತಿಯೊಂದು ಬೆಳೆಯಬೇಕಾದರೆ ನಾಲ್ಕು ಅಂಗಗಳು ಕೂಡಿಬರಬೇಕು: ಮಗುವಿಗೆ ಕಾನೂನಿನಲ್ಲಿ ಸ್ವಂತವಾದ ಹಕ್ಕು, ಹೆರಿಗೆಯ ಕೋಣೆಯಲ್ಲಿ ನಡೆದುದನ್ನು ಹೇಳುವ ಬರಹ, ದೂರನ್ನು ಕೇಳುವ ನ್ಯಾಯಸ್ಥಾನ, ವಕೀಲನ ಶ್ರಮಕ್ಕೆ ಪ್ರತಿಫಲ. ಬೆಂಗಳೂರಿನ ದಂಡು ಮತ್ತು ಅದರ ಪೂರ್ವದ ಬಡಾವಣೆಗಳ ಚರಿತ್ರೆಯನ್ನು ನೋಡಿದರೆ ಈ ನಾಲ್ಕೂ ಬೇರೆಬೇರೆ ಕಾಲದಲ್ಲಿ, ಬೇರೆಬೇರೆ ದಾರಿಯಿಂದ ಬಂದುವೆಂದೂ, ಅವು ಒಂದೆಡೆ ಕೂಡುವ ಕೆಲಸ ಇನ್ನೂ ಪೂರ್ತಿಯಾಗಿಲ್ಲವೆಂದೂ ತಿಳಿಯುತ್ತದೆ.

1. ಸ್ಥಳದ ಹಿನ್ನೆಲೆ

ಬ್ರಿಟಿಷರ ಸೈನ್ಯವು 1809ರಲ್ಲಿ ಶ್ರೀರಂಗಪಟ್ಟಣವನ್ನು ಬಿಟ್ಟು ಹಲಸೂರಿನ ಸಮೀಪದ ಬಯಲಿನಲ್ಲಿ ನೆಲೆಸಿತು. ದಂಡಿನ ಸುತ್ತ ಪೇಟೆ ಬೆಳೆಯಿತು. ಬ್ಲ್ಯಾಕ್‌ಪಲ್ಲಿಯೆಂದು ಹೆಸರಾಗಿದ್ದ ಭಾಗವೇ ಇಂದಿನ ಶಿವಾಜಿನಗರ. 1881ರಲ್ಲಿ ಮೈಸೂರು ಸಂಸ್ಥಾನವು ಒಡೆಯರ ವಂಶಕ್ಕೆ ಮರಳಿದಾಗ ಈ ಪ್ರದೇಶ ಮಾತ್ರ ‘ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್’ ಎಂಬ ಹೆಸರಿನಿಂದ ಬ್ರಿಟಿಷರ ಆಡಳಿತದಲ್ಲಿಯೇ ಉಳಿಯಿತು. ಇಲ್ಲಿ ಬ್ರಿಟಿಷ್ ಇಂಡಿಯದ ಕಾಯಿದೆಗಳು ಅಧಿಸೂಚನೆಯ ಮೂಲಕ ಜಾರಿಯಾಗುತ್ತಿದ್ದುವು. ರೆಸಿಡೆಂಟರ ನ್ಯಾಯಾಲಯವೇ ಇಲ್ಲಿಗೆ ಉಚ್ಚ ನ್ಯಾಯಾಲಯವಾಗಿತ್ತು. ಕಬ್ಬನ್ ಉದ್ಯಾನದ ಆಚೆಗಿನ ನಗರಕ್ಕೆ ಒಂದು ನ್ಯಾಯವ್ಯವಸ್ಥೆ, ಈಚೆಗಿನ ದಂಡಿಗೆ ಮತ್ತೊಂದು. 1947ರ ಜುಲೈಯಲ್ಲಿ ಈ ಪ್ರದೇಶವು ಮೈಸೂರಿಗೆ ಹಿಂದಿರುಗಿತು; 1949ರಲ್ಲಿ ಎರಡು ಪುರಸಭೆಗಳೂ ಸೇರಿ ಒಂದೇ ನಗರಪಾಲಿಕೆಯಾಯಿತು.

ಈ ಚರಿತ್ರೆಯಲ್ಲಿ ಒಂದು ವರ್ಷ ವಿಶೇಷವಾಗಿ ಗಮನಾರ್ಹವಾದುದು. ಮೈಸೂರಿನ ಕಮಿಷನರ್ ಆಗಿದ್ದ ಲೆವಿನ್ ಬೌರಿಂಗರ ಹೆಸರಿನ ಆಸ್ಪತ್ರೆ ದಂಡಿನಲ್ಲಿ ಸ್ಥಾಪಿತವಾದುದು 1868ರಲ್ಲಿ. ಈಗ ಉಚ್ಚ ನ್ಯಾಯಾಲಯವಿರುವ ಅಠಾರಾ ಕಚೇರಿಯ ಕಟ್ಟಡ ಪೂರ್ಣಗೊಂಡುದೂ ಅದೇ ವರ್ಷ. ಬೌರಿಂಗ್ ಆಸ್ಪತ್ರೆಯ ಪಕ್ಕದಲ್ಲಿ ಸ್ತ್ರೀಯರಿಗಾಗಿ 1911ರಲ್ಲಿ ಲೇಡಿ ಕರ್ಜನ್ ಆಸ್ಪತ್ರೆ ಬಂದಿತು. ಹಾಜಿ ಸರ್ ಇಸ್ಮಾಯಿಲ್ ಸೇಠರ ದಾನದಿಂದ ಶಿವಾಜಿನಗರದಲ್ಲಿ ಘೋಷಾ ಆಸ್ಪತ್ರೆ ಹುಟ್ಟಿತು. ಪರದೆಯಲ್ಲಿರುವ ಸ್ತ್ರೀಯರು ಸಂಕೋಚವಿಲ್ಲದೆ ಬಂದು ಹೆರಿಗೆ ಮಾಡಿಸಿಕೊಳ್ಳಲೆಂಬುದು ಅದರ ಉದ್ದೇಶ. 1872ರಲ್ಲಿ ಹತನಾದ ವೈಸರಾಯ್ ಲಾರ್ಡ್ ಮೇಯೋನ ಸ್ಮಾರಕವಾದ ಮೇಯೋ ಹಾಲ್ 1883ರಲ್ಲಿ ತೆರೆದು, ಮುಂದೆ ಅದರ ಆವರಣವು ಸಿವಿಲ್ ನ್ಯಾಯಾಲಯಗಳ ನೆಲೆಯಾಯಿತು. ಹೀಗೆ ಆಸ್ಪತ್ರೆಯೂ ನ್ಯಾಯಾಲಯವೂ ಕೆಲವೇ ಮೈಲಿಗಳ ಅಂತರದಲ್ಲಿ, ಒಂದೇ ತಲೆಮಾರಿನಲ್ಲಿ ಕಟ್ಟಲ್ಪಟ್ಟುವು. ಒಂದರಿಂದ ಇನ್ನೊಂದಕ್ಕೆ ಹೋಗುವ ದಾರಿ ಗಾಯಗೊಂಡ ಮಗುವಿಗೆ ತೆರೆಯಲು ಮಾತ್ರ ನೂರು ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತು.

2. ಮಗುವಿನ ಹಕ್ಕು

ಗರ್ಭದಲ್ಲಿರುವ ಶಿಶುವಿಗೆ ಹಕ್ಕುಂಟೆಂಬ ಭಾವನೆ ನಮ್ಮ ದೇಶಕ್ಕೆ ಹೊಸದಲ್ಲ. ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ತನ್ನ ‘ಮಿತಾಕ್ಷರಾ’ದಲ್ಲಿ ದಾಯವಿಭಾಗದ ಸಮಯದಲ್ಲಿ ಗರ್ಭಸ್ಥನಾದವನ ಪಾಲನ್ನು ಕಾಪಾಡುವ ಬಗೆಯನ್ನು ವಿವರಿಸಿದ್ದಾನೆ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯೂ ಆ ಹಕ್ಕನ್ನು ಉಳಿಸಿಕೊಂಡಿದೆ. ಆದರೆ ಇದೆಲ್ಲವೂ ಆಸ್ತಿಯ ಮಾತು. ಹೊಲದಲ್ಲಿ ಪಾಲುಳ್ಳ ಶಿಶುವಿಗೆ ತನ್ನ ದೇಹದ ಹಾನಿಗಾಗಿ ದಾವೆ ಹೂಡುವ ಅಧಿಕಾರವಿದೆಯೇ ಎಂಬ ಪ್ರಶ್ನೆಯನ್ನು ಪೂರ್ವದ ಶಾಸ್ತ್ರಕಾರರು ಎತ್ತಲಿಲ್ಲ. ಎತ್ತಬೇಕಾದ ಸಂದರ್ಭವೂ ಅವರಿಗಿರಲಿಲ್ಲ.

ಆಂಗ್ಲ ನ್ಯಾಯಪದ್ಧತಿಯೂ ಈ ವಿಷಯದಲ್ಲಿ ಬಹುಕಾಲ ಹಿಂಜರಿಯಿತು. 1884ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ನ್ಯಾಯಮೂರ್ತಿ ಹೋಮ್ಸ್ ಅವರು ಗರ್ಭಸ್ಥ ಶಿಶು ತಾಯಿಯ ದೇಹದ ಒಂದು ಭಾಗವೆಂದೇ ಭಾವಿಸಿ ಅದಕ್ಕೆ ಪ್ರತ್ಯೇಕ ಹಕ್ಕನ್ನು ನಿರಾಕರಿಸಿದರು. 1890ರಲ್ಲಿ ಐರ್ಲೆಂಡಿನ ರೈಲು ಅಪಘಾತವೊಂದರಲ್ಲಿಯೂ ಶಿಶುವಿನ ದಾವೆ ನಿಲ್ಲಲಿಲ್ಲ. ಈ ನಿಲುವನ್ನು ಮುರಿದ ತೀರ್ಪು 1946ರದು. ವಾಷಿಂಗ್ಟನ್ ನಗರದ ನ್ಯಾಯಾಲಯವು ಬಾನ್‌ಬ್ರೆಸ್ಟ್ ಪ್ರಕರಣದಲ್ಲಿ, ಹೆರಿಗೆ ಮಾಡಿಸುವಾಗ ವೈದ್ಯರ ಅಲಕ್ಷ್ಯದಿಂದ ಗಾಯಗೊಂಡ ಶಿಶುವು ಜೀವಸಹಿತ ಹುಟ್ಟಿದ ಮೇಲೆ ತಾನೇ ವಾದಿಯಾಗಬಹುದೆಂದು ಹೇಳಿತು. ಜನನಕಾಲದ ಗಾಯವನ್ನು ಕುರಿತ ವಕೀಲಿಕೆಗೆ ಇದನ್ನು ಮೊದಲ ಮೈಲಿಗಲ್ಲೆನ್ನಬಹುದು. ಇಂಗ್ಲೆಂಡಿನಲ್ಲಿ ಥಾಲಿಡೊಮೈಡ್ ಔಷಧದ ದುರಂತದ ತರುವಾಯ 1976ರಲ್ಲಿ ಪ್ರತ್ಯೇಕವಾದ ಕಾಯಿದೆಯೇ ಬಂದಿತು.

ನಮ್ಮ ಕಾನೂನಿನಲ್ಲಿ ಅಪ್ರಾಪ್ತವಯಸ್ಕನ ದಾವೆಗೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 32ನೆಯ ಆದೇಶವು ದಾರಿ ಮಾಡಿಕೊಟ್ಟಿದೆ. ತಂದೆಯೋ ತಾಯಿಯೋ ಹಿತೈಷಿಯಾಗಿ ನಿಂತು ಮಗುವಿನ ಹೆಸರಿನಲ್ಲಿ ದಾವೆ ಹೂಡಬೇಕು. ನ್ಯಾಯಾಲಯದ ಅನುಮತಿಯಿಲ್ಲದೆ ಅವರು ರಾಜಿ ಮಾಡಿಕೊಳ್ಳುವಂತಿಲ್ಲ. 1963ರ ಕಾಲಮಿತಿ ಕಾಯಿದೆಯ 6 ಮತ್ತು 8ನೆಯ ಪ್ರಕರಣಗಳು ಮಗುವಿಗೆ ಇನ್ನೊಂದು ಉಪಕಾರವನ್ನು ಮಾಡಿವೆ. ಪ್ರಾಪ್ತವಯಸ್ಸಿನವರೆಗೆ ಅವಧಿಯ ಲೆಕ್ಕ ಮಗುವಿನ ವಿರುದ್ಧ ನಿಲ್ಲುವುದಿಲ್ಲ. ಮೂರು ವರ್ಷಗಳ ಅವಧಿಯುಳ್ಳ ದಾವೆಯನ್ನು ಅದು ತನ್ನ 21ನೆಯ ವಯಸ್ಸಿನವರೆಗೂ ಹೂಡಬಹುದು. ಈ ಅಂಶವನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಪ್ರಾರ್ಥನೆ. ಮುಂದಿನ ಭಾಗದಲ್ಲಿ ಇದರ ಪ್ರಯೋಜನವಿದೆ.

3. ಹೆರಿಗೆಯ ಕೋಣೆಯ ಬರಹ

ಸೂಲಗಿತ್ತಿಯು ಮನೆಯಲ್ಲಿ ಹೆರಿಗೆ ಮಾಡಿಸುತ್ತಿದ್ದ ಕಾಲದಲ್ಲಿ ನಡೆದುದಕ್ಕೆ ನೆನಪೊಂದೇ ಆಧಾರ. ಮಗು ಊನವಾಗಿ ಬೆಳೆದರೆ ಅದನ್ನು ಹಣೆಬರಹವೆನ್ನುತ್ತಿದ್ದರು. ಓದಿ ನೋಡಲು ಬೇರೆ ಬರಹವಿರಲಿಲ್ಲ. ಆಸ್ಪತ್ರೆಯ ಹೆರಿಗೆ ಈ ಸ್ಥಿತಿಯನ್ನು ಬದಲಾಯಿಸಿತು. ನೋವು ಆರಂಭವಾದ ಹೊತ್ತು, ಶಿಶುವಿನ ಎದೆಬಡಿತ, ವೈದ್ಯರನ್ನು ಕರೆದ ಗಂಟೆ, ಅವರು ಬಂದ ಗಂಟೆ, ಎಲ್ಲವೂ ಕಾಗದಕ್ಕೆ ಇಳಿಯತೊಡಗಿದುವು. ಇಂದು ಕರ್ನಾಟಕದಲ್ಲಿ ನೂರಕ್ಕೆ 97ರಷ್ಟು ಹೆರಿಗೆಗಳು ಆಸ್ಪತ್ರೆಗಳಲ್ಲಿಯೇ ಆಗುತ್ತವೆಂದು 2019-20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಿಂದ ತಿಳಿಯುತ್ತದೆ. ಆದಕಾರಣ ಬರಹವಿಲ್ಲದ ಜನನ ಈಗ ವಿರಳ.

ಈ ಬರಹವನ್ನು ಸಾಕ್ಷ್ಯವಾಗಿ ಬೆಳೆಸಿದ ವೈದ್ಯರ ಹೆಸರನ್ನು ವಕೀಲರು ಕೃತಜ್ಞತೆಯಿಂದ ಸ್ಮರಿಸಬೇಕು. ವರ್ಜಿನಿಯಾ ಆಪ್‌ಗಾರ್ ಎಂಬ ಅಮೆರಿಕದ ವೈದ್ಯೆ 1953ರಲ್ಲಿ ಪ್ರಕಟಿಸಿದ ಕ್ರಮದಂತೆ ಹುಟ್ಟಿದ ಶಿಶುವಿನ ಬಣ್ಣ, ನಾಡಿ, ಸ್ಪಂದನ, ಸ್ನಾಯುಗಳ ಬಿಗಿ, ಉಸಿರಾಟ ಎಂಬ ಐದಕ್ಕೂ ಸೊನ್ನೆಯಿಂದ ಎರಡರವರೆಗೆ ಅಂಕ ಕೊಡುತ್ತಾರೆ. ಮಾತು ಬಾರದ ವಾದಿಯ ಮೊದಲ ಹೇಳಿಕೆ ಇದು. ಪ್ರಸವದ ಪ್ರಗತಿಯನ್ನು ಗೆರೆಗಳಲ್ಲಿ ತೋರಿಸುವ ಪಾರ್ಟೋಗ್ರಾಮ್ ಎಂಬ ನಕ್ಷೆ 1954ರಲ್ಲಿ ಫ್ರೀಡ್ಮನ್ ಅವರ ಸಂಶೋಧನೆಯಿಂದ ಮೊದಲಾಗಿ, 1972ರಲ್ಲಿ ಫಿಲ್ಪಾಟ್ ಮತ್ತು ಕ್ಯಾಸಲ್ ಅವರಿಂದ ಬಳಕೆಯ ರೂಪವನ್ನು ಪಡೆಯಿತು. ಗೆರೆ ಎಚ್ಚರಿಕೆಯ ಮಿತಿಯನ್ನು ದಾಟಿದ ಮೇಲೆ ಎಷ್ಟು ಹೊತ್ತು ಏನೂ ಮಾಡದೆ ಕಳೆಯಿತೆಂಬುದನ್ನು ವಕೀಲನೂ ಅದರಲ್ಲಿ ಓದಬಲ್ಲನು.

ಆದರೆ ಅಲಕ್ಷ್ಯವನ್ನು ತೋರಿಸಿದ ಮಾತ್ರಕ್ಕೆ ದಾವೆ ಗೆಲ್ಲುವುದಿಲ್ಲ. ಅದರಿಂದಲೇ ಈ ಹಾನಿಯಾಯಿತೆಂದು ತೋರಿಸಬೇಕು. ಲಂಡನ್ನಿನ ಶಸ್ತ್ರವೈದ್ಯ ವಿಲಿಯಂ ಲಿಟಲ್ ಅವರು 1861ರಲ್ಲಿ ಕಷ್ಟಪ್ರಸವಕ್ಕೂ ಮಕ್ಕಳ ಅಂಗಾಂಗಗಳ ಸೆಡೆತಕ್ಕೂ ಸಂಬಂಧವುಂಟೆಂದು ಪ್ರತಿಪಾದಿಸಿದರು. 1897ರಲ್ಲಿ ಸಿಗ್ಮಂಡ್ ಫ್ರಾಯ್ಡ್ ಅದನ್ನು ಸಂಶಯಿಸಿ, ಕಷ್ಟಪ್ರಸವವೇ ಗರ್ಭದಲ್ಲಿ ಮೊದಲೇ ಆದ ದೋಷದ ಲಕ್ಷಣವಾಗಿರಬಹುದೆಂದು ಸೂಚಿಸಿದರು. ಸೆರೆಬ್ರಲ್ ಪಾಲ್ಸಿಯುಳ್ಳ ಮಕ್ಕಳಲ್ಲಿ ಹೆರಿಗೆಯ ವೇಳೆಯ ಉಸಿರುಕಟ್ಟುವಿಕೆಯೇ ಕಾರಣವಾದವರು ಅಲ್ಪಸಂಖ್ಯಾತರೆಂದು 1980ರ ದಶಕದ ಈಚೆಗಿನ ಸಂಶೋಧನೆಗಳು ಹೇಳುತ್ತವೆ. ಹೀಗಿರುವಲ್ಲಿ ಪ್ರತಿಯೊಂದು ಊನದ ಹಿಂದೆಯೂ ಒಬ್ಬ ತಪ್ಪಿತಸ್ಥ ವೈದ್ಯನನ್ನು ಹುಡುಕುವ ವಕೀಲನು ವೈದ್ಯರಿಗೂ ಅನ್ಯಾಯ ಮಾಡುತ್ತಾನೆ, ತನ್ನ ಕಕ್ಷಿಗಾರನಿಗೂ ಅನ್ಯಾಯ ಮಾಡುತ್ತಾನೆ. ಇಂಗ್ಲೆಂಡಿನ ವೈಟ್‌ಹೌಸ್ ಪ್ರಕರಣ ಇದಕ್ಕೆ ತಕ್ಕ ದೃಷ್ಟಾಂತ. 1970ರಲ್ಲಿ ಇಕ್ಕಳದ ಪ್ರಯತ್ನದ ನಂತರ ಹುಟ್ಟಿ ಮಿದುಳಿಗೆ ಹಾನಿಯಾದ ಮಗುವಿಗೆ ಮೊದಲ ನ್ಯಾಯಾಲಯವು ಪರಿಹಾರ ವಿಧಿಸಿತು; ಹನ್ನೊಂದನೆಯ ವರ್ಷದಲ್ಲಿ ಹೌಸ್ ಆಫ್ ಲಾರ್ಡ್ಸ್ ವೈದ್ಯರ ಅಲಕ್ಷ್ಯ ಸಿದ್ಧವಾಗಲಿಲ್ಲವೆಂದು ತೀರ್ಮಾನಿಸಿತು.

ಇಷ್ಟೆಲ್ಲ ಭಾರವನ್ನು ಹೊರಬೇಕಾದ ಕಾಗದದ ಆಯುಸ್ಸಾದರೂ ಎಷ್ಟು? 2002ರ ವೈದ್ಯರ ವೃತ್ತಿನಡತೆಯ ನಿಯಮಾವಳಿಯಂತೆ ಒಳರೋಗಿಯ ದಾಖಲೆಗಳನ್ನು ಚಿಕಿತ್ಸೆ ಆರಂಭವಾದ ದಿನದಿಂದ ಮೂರು ವರ್ಷ ಕಾಪಾಡಬೇಕು. ಕೇಳಿದವರಿಗೆ 72 ಗಂಟೆಗಳೊಳಗೆ ಕೊಡಬೇಕು. ಅಂದರೆ ಕಾನೂನು ಮಗುವಿಗೆ 21 ವರ್ಷಗಳ ಕಾಲಾವಕಾಶವನ್ನು ಕೊಟ್ಟು, ಅದರ ಸಾಕ್ಷ್ಯಕ್ಕೆ ಮೂರು ವರ್ಷಗಳ ಆಯುಸ್ಸನ್ನು ಮಾತ್ರ ವಿಧಿಸಿದೆ. ಕತ್ತು ನಿಲ್ಲಲಿಲ್ಲ, ಕುಳಿತುಕೊಳ್ಳಲಿಲ್ಲ, ನಡೆಯಲಿಲ್ಲ ಎಂದು ತಾಯಿತಂದೆಗಳು ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆಯುವುದರಲ್ಲಿಯೇ ಎರಡು ವರ್ಷ ಕಳೆದುಹೋಗುತ್ತದೆ. ಅವರು ವಕೀಲನ ಬಾಗಿಲಿಗೆ ಬರುವ ಹೊತ್ತಿಗೆ ಕೇಸ್ ಶೀಟು ರದ್ದಿಯ ಕಟ್ಟಿಗೆ ಸೇರಿದ್ದರೆ ಆಶ್ಚರ್ಯವಿಲ್ಲ. ಆಗ ಉಳಿಯುವುದು ತಾಯಿಯ ಕೈಯಲ್ಲಿಯೇ ಇರುವ ‘ತಾಯಿ ಕಾರ್ಡ್’ ಮತ್ತು ಬಿಡುಗಡೆಯ ಚೀಟಿ. ಬಸಿರಿನ ತಿಂಗಳುಗಳನ್ನು ತಾಯಿ ಕಾರ್ಡ್ ತಕ್ಕಮಟ್ಟಿಗೆ ಹೇಳುತ್ತದೆ. ಹೆರಿಗೆಯ ಆ ಕೆಲವು ಗಂಟೆಗಳನ್ನು ಹೇಳಲಾರದು. ಸರ್ಕಾರಿ ಆಸ್ಪತ್ರೆಯಾದರೆ 2005ರ ಮಾಹಿತಿ ಹಕ್ಕು ಕಾಯಿದೆಯಂತೆಯೂ ದಾಖಲೆಯನ್ನು ಕೇಳಬಹುದು. ನಾಶವಾದುದನ್ನು ಆ ಕಾಯಿದೆಯೂ ತಂದುಕೊಡಲಾರದು. ಆದಕಾರಣ ಈ ಕ್ಷೇತ್ರದಲ್ಲಿ ಅನುಭವವುಳ್ಳ ವಕೀಲನು ದೂರನ್ನು ಬರೆಯುವ ಮೊದಲು ದಾಖಲೆಗಾಗಿ ಅರ್ಜಿ ಬರೆಯುತ್ತಾನೆ.

4. ನ್ಯಾಯಸ್ಥಾನ

ದಂಡಿನ ಆಸ್ಪತ್ರೆಗಳು ಬಹುಮಟ್ಟಿಗೆ ಸರ್ಕಾರದ ಆಸ್ಪತ್ರೆಗಳು. ಸರ್ಕಾರದ ಮೇಲೆ ದಾವೆ ಹೂಡುವುದಕ್ಕೆ 1861ರ ಪಿ. ಅಂಡ್ ಓ. ಹಡಗಿನ ಕಂಪನಿಯ ಪ್ರಕರಣದಿಂದ ಒಂದು ತೊಡಕು ಬೆಳೆದು ಬಂದಿತ್ತು. ಪ್ರಭುತ್ವದ ಕಾರ್ಯದಲ್ಲಿ ಆದ ಹಾನಿಗೆ ಸರ್ಕಾರ ಹೊಣೆಯಲ್ಲವೆಂಬ ವಾದಕ್ಕೆ ಅದು ಆಶ್ರಯವಾಯಿತು. ಆಸ್ಪತ್ರೆ ನಡೆಸುವುದು ಅಂಥ ಕಾರ್ಯವಲ್ಲ, ಅದು ಜನಹಿತದ ಕಾರ್ಯವೆಂದು ಸರ್ವೋಚ್ಚ ನ್ಯಾಯಾಲಯವು ಸ್ಪಷ್ಟಪಡಿಸಿದುದು 1996ರಲ್ಲಿ. ಆ ಪ್ರಕರಣ ಔರಂಗಾಬಾದಿನ ಸರ್ಕಾರಿ ಆಸ್ಪತ್ರೆಯದು. 1963ರಲ್ಲಿ ಹೆರಿಗೆಯ ನಂತರದ ಶಸ್ತ್ರಚಿಕಿತ್ಸೆಯಲ್ಲಿ ಹೊಟ್ಟೆಯೊಳಗೆ ಬಟ್ಟೆ ಉಳಿದು ತೀರಿಕೊಂಡ ತಾಯಿಯದು. ತೀರ್ಪು ಬರುವ ಹೊತ್ತಿಗೆ 33 ವರ್ಷಗಳು ಸಂದಿದ್ದುವು. ಸಿವಿಲ್ ದಾವೆಯ ದಾರಿ ಎಷ್ಟು ಉದ್ದವೆಂಬುದಕ್ಕೆ ಬೇರೆ ನಿದರ್ಶನ ಬೇಕಿಲ್ಲ.

1986ರ ಗ್ರಾಹಕರ ಸಂರಕ್ಷಣಾ ಕಾಯಿದೆ ಒಂದು ಕಿರಿದಾದ ದಾರಿಯನ್ನು ತೋರಿಸಿತು. ವೈದ್ಯರ ಸೇವೆ ಆ ಕಾಯಿದೆಗೆ ಒಳಪಡುತ್ತದೆಯೇ ಎಂಬ ವಿವಾದವನ್ನು ಭಾರತೀಯ ವೈದ್ಯಕೀಯ ಸಂಘದ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1995ರ ನವೆಂಬರ್ 13ರಂದು ತೀರ್ಮಾನಿಸಿತು. ಹಣ ಪಡೆದು ಚಿಕಿತ್ಸೆ ನೀಡುವ ಆಸ್ಪತ್ರೆಗಳು ಒಳಪಡುತ್ತವೆ. ಕೆಲವರಿಂದ ಹಣ ಪಡೆದು ಕೆಲವರಿಗೆ ಧರ್ಮಾರ್ಥವಾಗಿ ನೀಡುವ ಕಡೆ ಧರ್ಮಾರ್ಥ ರೋಗಿಯೂ ಗ್ರಾಹಕನೇ. ಎಲ್ಲರಿಗೂ ಉಚಿತವಾಗಿ ನೀಡುವ ಆಸ್ಪತ್ರೆ ಮಾತ್ರ ಒಳಪಡುವುದಿಲ್ಲ, ನೋಂದಣಿಗೆಂದು ಅಲ್ಪ ಶುಲ್ಕ ಪಡೆದರೂ ವ್ಯತ್ಯಾಸವಿಲ್ಲ. 1998ರಲ್ಲಿ ದೆಹಲಿಯ ಸ್ಪ್ರಿಂಗ್ ಮೆಡೋಸ್ ಆಸ್ಪತ್ರೆಯ ಪ್ರಕರಣದಲ್ಲಿ ತಪ್ಪಾದ ಚುಚ್ಚುಮದ್ದಿನಿಂದ ಮಿದುಳು ಘಾಸಿಯಾದ ಬಾಲಕನಿಗೆ 12.5 ಲಕ್ಷ ರೂಪಾಯಿ, ತಾಯಿತಂದೆಗಳಿಗೆ ಪ್ರತ್ಯೇಕವಾಗಿ 5 ಲಕ್ಷ ರೂಪಾಯಿ ಸ್ಥಿರವಾದುವು. ಮಗುವೂ ಗ್ರಾಹಕ, ಹಣ ತೆತ್ತ ತಾಯಿತಂದೆಗಳೂ ಗ್ರಾಹಕರು ಎಂಬ ತತ್ತ್ವ ಅಂದಿನಿಂದ ನೆಲೆಗೊಂಡಿತು. 2007ರಲ್ಲಿ ಕಾರ್ಮಿಕರ ರಾಜ್ಯ ವಿಮಾ ನಿಗಮದ ಆಸ್ಪತ್ರೆಗಳೂ ಈ ಕಾಯಿದೆಗೆ ಒಳಪಟ್ಟುವು. ಅಲ್ಲಿ ಕಾರ್ಮಿಕನ ವಂತಿಗೆಯೇ ಬೆಲೆ.

ಈ ವಿಂಗಡಣೆಯನ್ನು ಬೆಂಗಳೂರಿನ ಪೂರ್ವಭಾಗದ ನಕ್ಷೆಯ ಮೇಲಿಟ್ಟು ನೋಡಬೇಕು. ಇಂದಿರಾನಗರದ ಖಾಸಗಿ ಆಸ್ಪತ್ರೆಯಲ್ಲಿ ಗಾಯಗೊಂಡ ಮಗುವಿಗೆ ಗ್ರಾಹಕರ ಆಯೋಗದ ಬಾಗಿಲು ತೆರೆದಿದೆ. ಅದೇ ಇಂದಿರಾನಗರದ ಇ.ಎಸ್.ಐ. ಆಸ್ಪತ್ರೆಯಲ್ಲಿ ಹುಟ್ಟಿದ ಕಾರ್ಮಿಕನ ಮಗುವಿಗೂ ತೆರೆದಿದೆ. ಎಲ್ಲರಿಗೂ ಧರ್ಮಾರ್ಥವಾಗಿ ಹೆರಿಗೆ ಮಾಡಿಸುವ ಸ್ಥಳದಲ್ಲಿ, ಅದು ಶಿವಾಜಿನಗರದಲ್ಲಿರಲಿ, ಹಲಸೂರಿನಲ್ಲಿರಲಿ, 2007ರಲ್ಲಿ ಬೃಹತ್ ಬೆಂಗಳೂರಿಗೆ ಸೇರಿದ ಕೃಷ್ಣರಾಜಪುರದಲ್ಲಿರಲಿ, ಗಾಯಗೊಂಡ ಮಗುವಿಗೆ ಆ ಬಾಗಿಲಿಲ್ಲ. ಅದು ಸಿವಿಲ್ ನ್ಯಾಯಾಲಯಕ್ಕೆ ಹೋಗಬೇಕು. ಅಲ್ಲಿ 1958ರ ಕಾಯಿದೆಯಂತೆ ಕೇಳಿದ ಪರಿಹಾರಕ್ಕೆ ಅನುಗುಣವಾದ ನ್ಯಾಯಾಲಯ ಶುಲ್ಕವನ್ನು ತೆರಬೇಕು, ಇಲ್ಲವೆ ತಾನು ನಿರ್ಗತಿಕನೆಂದು ಮೊದಲು ಸಿದ್ಧಪಡಿಸಬೇಕು. ಗ್ರಾಹಕರ ಆಯೋಗದಲ್ಲಿ ಆಸ್ಪತ್ರೆಗೆ ತೆತ್ತ ಮೊತ್ತ 5 ಲಕ್ಷದೊಳಗಿದ್ದರೆ ಶುಲ್ಕವೇ ಇಲ್ಲ. 2019ರ ಹೊಸ ಕಾಯಿದೆಯಂತೆ ಆಯೋಗದ ವ್ಯಾಪ್ತಿಯನ್ನು ನಿರ್ಣಯಿಸುವುದೂ ತೆತ್ತ ಬೆಲೆಯೇ. ಕೋಟಿ ರೂಪಾಯಿ ಪರಿಹಾರದ ಪ್ರಾರ್ಥನೆಯನ್ನೂ ಜಿಲ್ಲಾ ಆಯೋಗವೇ ಕೇಳಬಹುದು. ಹೆಚ್ಚು ಬಡವನಿಗೆ ಹೆಚ್ಚು ಖರ್ಚಿನ, ಹೆಚ್ಚು ದೀರ್ಘವಾದ ದಾರಿ ಉಳಿದಿರುವುದು ಯಾರ ದುರುದ್ದೇಶದಿಂದಲೂ ಆದುದಲ್ಲ. ‘ಗ್ರಾಹಕ’ ಎಂಬ ಮಾತಿನ ಅರ್ಥದಿಂದ ತಾನಾಗಿ ಒದಗಿದ ಫಲ ಇದು.

ಸರ್ಕಾರಿ ಆಸ್ಪತ್ರೆಯ ಮಗುವಿಗೆ ಪರಿಹಾರವೇ ದೊರೆಯದೆಂದು ಇದರಿಂದ ಭಾವಿಸಬಾರದು. ಮದರಾಸಿನ ಎಗ್ಮೋರಿನಲ್ಲಿರುವ ಸರ್ಕಾರಿ ಹೆರಿಗೆ ಮತ್ತು ಮಕ್ಕಳ ಆಸ್ಪತ್ರೆಯಲ್ಲಿ 1996ರಲ್ಲಿ ದಿನ ತುಂಬದೆ ಹುಟ್ಟಿ, ಅಕ್ಷಿಪಟಲದ ಪರೀಕ್ಷೆಯ ಸಲಹೆ ದೊರೆಯದೆ ದೃಷ್ಟಿ ಕಳೆದುಕೊಂಡ ಹೆಣ್ಣುಮಗುವಿಗೆ 2015ರ ಜುಲೈ 1ರಂದು ಸರ್ವೋಚ್ಚ ನ್ಯಾಯಾಲಯವು ಸುಮಾರು 1 ಕೋಟಿ 80 ಲಕ್ಷ ರೂಪಾಯಿಗಳನ್ನು ವಿಧಿಸಿತು. ಅದರಲ್ಲಿ 1 ಕೋಟಿ 38 ಲಕ್ಷ ಮುಂದಿನ ಚಿಕಿತ್ಸೆಗೆ. ಬೆಲೆಯೇರಿಕೆಯನ್ನು ಲೆಕ್ಕಕ್ಕೆ ತೆಗೆದುಕೊಂಡುದು ಈ ತೀರ್ಪಿನ ವೈಶಿಷ್ಟ್ಯ. ಆ ಪ್ರಕರಣ ರಾಷ್ಟ್ರೀಯ ಆಯೋಗದ ಮೂಲಕವೇ ಬಂದುದಾದರೂ 1995ರ ವಿಂಗಡಣೆಯನ್ನು ಅದು ತೊಡೆದುಹಾಕಲಿಲ್ಲ. ಮಗು ಹುಟ್ಟಿದಂದಿನಿಂದ ತೀರ್ಪಿನವರೆಗೆ 19 ವರ್ಷಗಳಾದುವೆಂಬುದೂ ಗಮನಾರ್ಹ.

5. ವಕೀಲನ ಪ್ರತಿಫಲ

ಹತ್ತೊಂಬತ್ತು ವರ್ಷ ಒಂದು ಕಡತವನ್ನು ಹೊರುವ ವಕೀಲನು ಬದುಕುವ ಬಗೆ ಹೇಗೆ? ಅಮೆರಿಕದಲ್ಲಿ ವಕೀಲನು ಗೆದ್ದರೆ ಪರಿಹಾರದಲ್ಲಿ ಒಂದು ಪಾಲನ್ನು ಪಡೆಯುತ್ತಾನೆ, ಸೋತರೆ ಏನನ್ನೂ ಪಡೆಯುವುದಿಲ್ಲ. ಬಡ ತಾಯಿತಂದೆಗಳ ಪರವಾಗಿ ತಜ್ಞರನ್ನು ಕರೆಸಿ ವರ್ಷಗಟ್ಟಲೆ ನಡೆಸುವ ವಕೀಲವರ್ಗ ಅಲ್ಲಿ ಹುಟ್ಟಿದುದು ಈ ಪದ್ಧತಿಯಿಂದ. ಗೆಲ್ಲುವ ಪ್ರಕರಣಗಳನ್ನೇ ಆರಿಸಿಕೊಳ್ಳುವ ದೋಷವೂ ಅದರಿಂದಲೇ ಹುಟ್ಟಿತು. ವರ್ಜಿನಿಯಾ ರಾಜ್ಯವು 1987ರಲ್ಲಿ ಯಾರ ತಪ್ಪೆಂದು ಕೇಳದೆ ಜನನಕಾಲದ ನರಹಾನಿಗೆ ಪರಿಹಾರ ಕೊಡುವ ನಿಧಿಯೊಂದನ್ನು ಏರ್ಪಡಿಸಬೇಕಾಯಿತು. ಇಂಗ್ಲೆಂಡಿನ ದಾರಿ ಬೇರೆ. ಅಲ್ಲಿ 1949ರ ಕಾನೂನು ನೆರವಿನ ಕಾಯಿದೆಯಿಂದ ವಕೀಲನಿಗೆ ರಾಜ್ಯವೇ ಹಣ ಕೊಡತೊಡಗಿತು. 2013ರಲ್ಲಿ ವೈದ್ಯಕೀಯ ಅಲಕ್ಷ್ಯದ ಪ್ರಕರಣಗಳಿಗೆ ಈ ನೆರವನ್ನು ನಿಲ್ಲಿಸಿದಾಗಲೂ ಗರ್ಭದಲ್ಲಿ, ಹೆರಿಗೆಯಲ್ಲಿ, ಅಥವಾ ಹುಟ್ಟಿದ ಎಂಟು ವಾರಗಳೊಳಗೆ ಆದ ನರಮಂಡಲದ ಹಾನಿಗೆ ಮಾತ್ರ ಅದನ್ನು ಉಳಿಸಿಕೊಂಡರು.

ನಮ್ಮಲ್ಲಿ ಫಲಿತಾಂಶಕ್ಕೆ ಕಟ್ಟುಬಿದ್ದ ಶುಲ್ಕವನ್ನು ವಕೀಲರ ಪರಿಷತ್ತಿನ ನಿಯಮಗಳು ನಿಷೇಧಿಸಿವೆ. ಮೊದಲೇ ಶುಲ್ಕ ಕೊಡಲು ಕಕ್ಷಿಗಾರನಲ್ಲಿ ಹಣವಿಲ್ಲ. ಚಿಕಿತ್ಸೆಗೇ ಅದು ವೆಚ್ಚವಾಗಿರುತ್ತದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯ 12ನೆಯ ಪ್ರಕರಣದಂತೆ ಸ್ತ್ರೀಯರಿಗೂ ಮಕ್ಕಳಿಗೂ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಸಲ್ಲುತ್ತದೆ. ಹಕ್ಕು ಉದಾರವಾದುದು. ಆದರೆ ಹೆರಿಗೆಯ ದಾಖಲೆಯನ್ನು ಓದಬಲ್ಲ, ಪ್ರಸೂತಿತಜ್ಞರನ್ನು ಪಾಟೀಸವಾಲಿಗೆ ಗುರಿಪಡಿಸಬಲ್ಲ ವಕೀಲನನ್ನು ತಯಾರಿಸುವುದು ಹಕ್ಕಿನ ಘೋಷಣೆಯಿಂದ ಮಾತ್ರ ಆಗುವ ಕೆಲಸವಲ್ಲ. ಮೇಲಾಗಿ ವೈದ್ಯನ ವಿರುದ್ಧ ನುಡಿಯಲು ಇನ್ನೊಬ್ಬ ವೈದ್ಯ ಬೇಕು. ಇಂಗ್ಲೆಂಡಿನ 1957ರ ಬೋಲಂ ತೀರ್ಪಿನಂತೆ, ಬಲ್ಲ ವೈದ್ಯರ ಒಂದು ಬಳಗ ಒಪ್ಪುವ ಕ್ರಮವನ್ನು ಅನುಸರಿಸಿದವನು ಅಲಕ್ಷ್ಯದ ದೋಷಿಯಲ್ಲ. 2005ರಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯವೂ ಈ ಒರೆಗಲ್ಲನ್ನು ಎತ್ತಿಹಿಡಿಯಿತು. ಪ್ರತಿಯೊಂದು ಗ್ರಾಹಕ ಪ್ರಕರಣದಲ್ಲಿಯೂ ತಜ್ಞಸಾಕ್ಷ್ಯ ಅನಿವಾರ್ಯವಲ್ಲವೆಂದು 2010ರಲ್ಲಿ ಅದು ಹೇಳಿದುದು ನಿಜ. ಆದರೂ ಜನನಕಾಲದ ಮಿದುಳಿನ ಹಾನಿಯಂಥ ಸೂಕ್ಷ್ಮ ವಿಷಯದಲ್ಲಿ ತಜ್ಞನಿಲ್ಲದೆ ನಡೆಯುವುದು ಕಷ್ಟ.

ಈ ಕೊರತೆಯ ನಡುವೆ ಬೆಂಗಳೂರಿನ ವಕೀಲರಿಗೆ ಒಂದು ಶಿಕ್ಷಣಶಾಲೆ ಅನಿರೀಕ್ಷಿತವಾದ ಕಡೆ ದೊರೆಯಿತು. ಅದು ಮೋಟಾರು ಅಪಘಾತದ ನ್ಯಾಯಮಂಡಲಿ. ಮೇಯೋ ಹಾಲ್ ಆವರಣದಲ್ಲಿಯೂ ಅಂಥ ನ್ಯಾಯಮಂಡಲಿ ನಡೆಯುತ್ತದೆ. ಸಂಪಾದನೆಯಿಲ್ಲದ ಮಗುವಿನ ಊನಕ್ಕೆ ಬೆಲೆ ಕಟ್ಟುವುದು ಹೇಗೆ, ಆರೈಕೆ ಮಾಡುವವರ ಕೂಲಿಯನ್ನು ಲೆಕ್ಕಹಾಕುವುದು ಹೇಗೆ ಎಂಬುದನ್ನು ನಮ್ಮ ವಕೀಲರು ಕಲಿತದ್ದು ಹೆಚ್ಚಾಗಿ ಅಲ್ಲಿಯೇ ಎನ್ನಬಹುದು. ಕರ್ನಾಟಕದಿಂದ ಹೋದ ಅಂಥ ಒಂದು ಮೇಲ್ಮನವಿಯಲ್ಲಿ 2013ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅಂಗವಿಕಲರಾದ ಮಕ್ಕಳಿಗೆ ಊನದ ಪ್ರಮಾಣವನ್ನು ಅನುಸರಿಸಿ ಕೊಡಬೇಕಾದ ಪರಿಹಾರದ ಮೆಟ್ಟಿಲುಗಳನ್ನು ಗೊತ್ತುಪಡಿಸಿತು. ರಸ್ತೆಯಲ್ಲಿ ಗಾಯಗೊಂಡ ಮಗುವಿಗೆ ವಿಮೆಯಿದೆ, ಮಂಡಲಿಯಿದೆ, ನುರಿತ ವಕೀಲರ ಪಡೆಯಿದೆ. ಹೆರಿಗೆಯ ಕೋಣೆಯಲ್ಲಿ ಗಾಯಗೊಂಡ ಮಗುವಿಗೆ ಇವು ಮೂರೂ ಒಟ್ಟಾಗಿ ಇನ್ನೂ ದೊರೆತಿಲ್ಲ.

ವಕೀಲರನ್ನು ಕುರಿತು ಮತ್ತೊಂದು ಮಾತನ್ನು ಮರೆಮಾಚಬಾರದು. 2024ರ ಮೇ 14ರಂದು ಸರ್ವೋಚ್ಚ ನ್ಯಾಯಾಲಯವು ವಕೀಲರ ಸೇವೆ ಗ್ರಾಹಕರ ಸಂರಕ್ಷಣಾ ಕಾಯಿದೆಗೆ ಒಳಪಡುವುದಿಲ್ಲವೆಂದು ತೀರ್ಪಿತ್ತಿತು. ವೈದ್ಯನು ಉತ್ತರ ಕೊಡಬೇಕಾದ ಕಟ್ಟೆಯ ಮುಂದೆ, ಕಾಲಮಿತಿಯನ್ನು ಮೀರಿಸಿ ಮಗುವಿನ ಪ್ರಕರಣವನ್ನು ಕೆಡಿಸಿದ ವಕೀಲನು ನಿಲ್ಲಬೇಕಾಗಿಲ್ಲ. ಕಾನೂನಿನ ದೃಷ್ಟಿಯಿಂದ ಇದಕ್ಕೆ ಸಮರ್ಥನೆಯಿರಬಹುದು. ನೀತಿಯ ದೃಷ್ಟಿಯಿಂದ ಇದು ವಕೀಲನ ಹೊಣೆಯನ್ನು ಹೆಚ್ಚಿಸುತ್ತದೆ.

6. ತೀರ್ಪಿನ ಆಚೆ

ತೀರ್ಪಿನಿಂದ ವಕೀಲನ ಕಾರ್ಯ ಮುಗಿಯುವುದಿಲ್ಲ. ಅಪ್ರಾಪ್ತವಯಸ್ಕನ ಪರಿಹಾರಧನವನ್ನು ಸಾಮಾನ್ಯವಾಗಿ ಬ್ಯಾಂಕಿನಲ್ಲಿ ಠೇವಣಿಯಾಗಿಟ್ಟು ಬಡ್ಡಿಯನ್ನು ಆರೈಕೆಗೆ ಬಿಡುಗಡೆ ಮಾಡುತ್ತಾರೆ. ಮಗು 18 ತುಂಬಿ ಕಾನೂನಿನ ದೃಷ್ಟಿಯಲ್ಲಿ ಪ್ರಾಪ್ತವಯಸ್ಕನಾದರೂ ತನ್ನ ವ್ಯವಹಾರವನ್ನು ತಾನೇ ನಡೆಸಲಾರದೆ ಇರಬಹುದು. ಆಗ 1999ರ ರಾಷ್ಟ್ರೀಯ ನ್ಯಾಸ ಕಾಯಿದೆಯಂತೆ ಪಾಲಕನನ್ನು ನೇಮಿಸಿಕೊಳ್ಳಬೇಕಾಗುತ್ತದೆ. ಹಣವು ಆರೈಕೆಯಾಗಿ ಮಾರ್ಪಡುವ ಸ್ಥಳಗಳೂ ಬೇಕು. ಈ ವಿಷಯದಲ್ಲಿ ಬೆಂಗಳೂರಿನ ಪೂರ್ವಭಾಗ ಪುಣ್ಯಶಾಲಿ. ಲಿಂಗರಾಜಪುರದ ಅಂಗವಿಕಲರ ಸಂಸ್ಥೆಯ ಚರಿತ್ರೆ 1959ರಿಂದ ಆರಂಭವಾಗುತ್ತದೆ; ಇಂದಿರಾನಗರದಲ್ಲಿರುವ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕ ಸೆರೆಬ್ರಲ್ ಪಾಲ್ಸಿಯುಳ್ಳ ಮಕ್ಕಳ ಶಿಕ್ಷಣ ಮತ್ತು ಚಿಕಿತ್ಸೆಯಲ್ಲಿ 1980ರ ದಶಕದಿಂದಲೂ ತೊಡಗಿದೆ. ಮಗುವಿನ ದಿನಚರಿ ಎಂಥದು, ಅದಕ್ಕೆ ಎಷ್ಟು ಗಂಟೆಗಳ ನೆರವು ಬೇಕು, ಗಾಲಿಕುರ್ಚಿಯನ್ನು ಎಷ್ಟು ವರ್ಷಕ್ಕೊಮ್ಮೆ ಬದಲಿಸಬೇಕು ಎಂಬ ವಿವರಗಳನ್ನು ವಕೀಲನು ಇಂಥ ಶಾಲೆಗಳ ಶಿಕ್ಷಕಿಯರಿಂದಲೇ ಕಲಿಯಬೇಕು. ಪರಿಹಾರದ ಮೊತ್ತ ನಿಲ್ಲುವುದು ಈ ಸಣ್ಣ ವಿವರಗಳ ಮೇಲೆ.

ಉಪಸಂಹಾರ

ಮೇಲಿನ ವಿವೇಚನೆಯಿಂದ ಮೂರು ಅಂಶಗಳು ಸ್ಪಷ್ಟವಾಗುತ್ತವೆಂದು ಭಾವಿಸುತ್ತೇವೆ. ಮೊದಲನೆಯದು, ಹೆರಿಗೆಯ ದಾಖಲೆಯ ಆಯುಸ್ಸನ್ನು ಮಗುವಿನ ಹಕ್ಕಿನ ಆಯುಸ್ಸಿಗೆ ಸರಿಗೂಡಿಸಬೇಕು. ಉಳಿದ ರೋಗಿಗಳ ಕಡತಗಳಿಗೆ ಮೂರು ವರ್ಷ ಸಾಲಬಹುದು, ನವಜಾತ ಶಿಶುವಿನ ಕಡತಕ್ಕೆ ಇಪ್ಪತ್ತೊಂದು ವರ್ಷ ಬೇಕು. ಕಾಗದವನ್ನು ಯಂತ್ರದಲ್ಲಿ ಅಡಕಗೊಳಿಸಿಡುವ ಈ ಕಾಲದಲ್ಲಿ ಇದು ದುಬಾರಿಯ ಸುಧಾರಣೆಯಲ್ಲ. ಅದು ಸರಿಯಾದ ಚಿಕಿತ್ಸೆ ನೀಡಿದ ವೈದ್ಯನಿಗೂ ರಕ್ಷಣೆ. ಎರಡನೆಯದು, ಉಚಿತ ಆಸ್ಪತ್ರೆಯಲ್ಲಿ ಹುಟ್ಟಿದ ಮಗುವಿಗೆ ಹಣ ತೆತ್ತು ಹುಟ್ಟಿದ ಮಗುವಿನಷ್ಟೇ ಹತ್ತಿರದ ನ್ಯಾಯಸ್ಥಾನ ದೊರೆಯಬೇಕು. ಮೂರನೆಯದು, ಕಾನೂನು ನೆರವಿನ ಪ್ರಾಧಿಕಾರಗಳು ಈ ಒಂದು ಕ್ಷೇತ್ರಕ್ಕಾದರೂ ತರಬೇತಿಯುಳ್ಳ ವಕೀಲರನ್ನು ಪ್ರತ್ಯೇಕವಾಗಿ ಬೆಳೆಸಬೇಕು. ನಮ್ಮ ಕಾನೂನು ಕಾಲೇಜುಗಳೂ ವೈದ್ಯಕೀಯ ಕಾಲೇಜುಗಳೂ ಇದರಲ್ಲಿ ಕೈಗೂಡಿಸಬಹುದು.

ಬೌರಿಂಗ್ ಆಸ್ಪತ್ರೆ ಸ್ಥಾಪಿತವಾಗಿ ಒಂದೂವರೆ ಶತಮಾನ ಕಳೆದಿದೆ. 2019ರ ಈಚೆಗೆ ಅದು ವೈದ್ಯಕೀಯ ಕಾಲೇಜನ್ನೂ ಪಡೆದಿದೆ. ಅಲ್ಲಿ ಕಲಿಯುವ ವಿದ್ಯಾರ್ಥಿಯು ಪಾರ್ಟೋಗ್ರಾಮಿನ ಮೇಲೆ ಹೊತ್ತು ತಪ್ಪದೆ ಗುರುತು ಹಾಕುವುದನ್ನು ಕಲಿತರೆ, ಕಾನೂನು ಕಾಲೇಜಿನ ವಿದ್ಯಾರ್ಥಿಯು ಆ ಗುರುತನ್ನು ಓದುವುದನ್ನು ಕಲಿತರೆ, ಹಲವು ಗಾಯಗಳು ಆಗದೆಯೇ ಉಳಿಯುತ್ತವೆ. ಆದ ಗಾಯಗಳು ನ್ಯಾಯವನ್ನು ಕಾಣುವ ಸಂಭವ ಹೆಚ್ಚುತ್ತದೆ.